ಜಾಝ್ ರೀಇಶ್ಯೂ ಕೊಳ್ಳುವುದು ಹೇಗೆ: ತಟ್ಟೆಯ ಒಳಅಂಚಿನಿಂದ ಭಾನುವಾರದ ಹರಟೆಯವರೆಗೆ

ಜಾಝ್ ಸ್ಯಾಕ್ಸೊಫೋನ್ ವಾದಕ ಹ್ಯಾಂಕ್ ಮೊಬ್ಲಿಯ, ಬ್ಲೂ ನೋಟ್ ಎಂಬ ಅಮೆರಿಕದ ರೆಕಾರ್ಡ್ ಕಂಪನಿಯ 1568 ಸಂಖ್ಯೆಯ ಎಲ್‌ಪಿ 1957ರದ್ದು. ಅದರ ಮೊದಲ ಮುದ್ರಣದ ಚೊಕ್ಕ ಪ್ರತಿ ಇವತ್ತು ಹರಾಜಿಗೆ ಬಂದರೆ ಸಾವಿರಾರು ಡಾಲರಿಗೆ ಹೋಗುತ್ತದೆ. ಕೊಂಡವರಲ್ಲಿ ಎಷ್ಟು ಮಂದಿ ಅದರ ಮೇಲೆ ಮುಳ್ಳು ಇಡುತ್ತಾರೋ, ಎಷ್ಟು ಮಂದಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೋ ಅವರಿಗೇ ಗೊತ್ತು. ಈ ಲೇಖನ ಅವರಿಗಲ್ಲ. ಅದೇ ಸಂಗೀತವನ್ನು ಮರುಬಿಡುಗಡೆಯಾದ ತಟ್ಟೆಯಲ್ಲಿ ಕೊಂಡು, ಮನೆಯಲ್ಲಿ ಕೂತು, ಸಾಧ್ಯವಾದರೆ ನಾಲ್ಕು ಜನರ ಜೊತೆ ಕೇಳಬೇಕು ಅನ್ನುವವರಿಗೆ.

ರೀಇಶ್ಯೂ ಅಂದರೆ ಎರಡನೇ ದರ್ಜೆ ಅಂತ ಮೂಗು ಮುರಿಯುವವರು ಇದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಟೀನಾ ಬ್ರೂಕ್ಸ್ ಎಂಬ ಸ್ಯಾಕ್ಸೊಫೋನ್ ವಾದಕನನ್ನೇ ನೋಡಿ. ಬ್ಲೂ ನೋಟ್‌ಗೆ ಆತ ನಾಯಕನಾಗಿ ನಾಲ್ಕು ಸಲ ಧ್ವನಿಮುದ್ರಣ ಮಾಡಿದರೂ ಬದುಕಿದ್ದಾಗ ಹೊರಬಂದದ್ದು ಒಂದೇ ಆಲ್ಬಮ್. 1974ರಲ್ಲಿ ತೀರಿಕೊಂಡ. ಉಳಿದ ಟೇಪುಗಳು ಕಪಾಟಿನಲ್ಲೇ ಇದ್ದವು. 1975ರಿಂದ ನಿರ್ಮಾಪಕ ಮೈಕೆಲ್ ಕಸ್ಕೂನಾ ಆ ಕಪಾಟುಗಳನ್ನು ಕೆದಕದೇ ಹೋಗಿದ್ದರೆ ಬ್ರೂಕ್ಸ್ ನಮಗೆ ಆ ಒಂದು ಆಲ್ಬಮ್ ಬಿಟ್ಟರೆ ಬೇರೆಯವರ ಆಲ್ಬಮ್ಮುಗಳ ಹಿಂಬದಿಯಲ್ಲಿ ಅಚ್ಚಾದ ಒಂದು ಹೆಸರಾಗಿ ಉಳಿಯುತ್ತಿದ್ದ.

ಮೊದಲು ಯಂತ್ರ, ಬೇಗ ಮುಗಿಸೋಣ

ಸೂಟ್‌ಕೇಸಿನಂತೆ ಮಡಚುವ, ಒಳಗೇ ಪುಟ್ಟ ಸ್ಪೀಕರ್ ಇರುವ ಪ್ಲೇಯರ್ ಬೇಡ. ನೋಡಲು ಚೆಂದ, ಆದರೆ ಮುಳ್ಳಿನ ಭಾರ ಹೊಂದಿಸಲು ಬರುವುದಿಲ್ಲ, ತಟ್ಟೆ ಬೇಗ ಸವೆಯುತ್ತದೆ. ತೋಳಿನ ಹಿಂತುದಿಯಲ್ಲಿ ತಿರುಗಿಸಬಹುದಾದ ತೂಕದ ಗುಂಡು ಇರುವ ಟರ್ನ್‌ಟೇಬಲ್ ಕೊಳ್ಳಿ. ಮುಳ್ಳನ್ನು ಹಿಡಿದಿರುವ ಸಾಮಾನ್ಯ ಕಾರ್ಟ್ರಿಜ್‌ಗಳಿಗೆ ಸುಮಾರು 2 ಗ್ರಾಂ ಭಾರ ಸಾಕು. ನಿಮ್ಮದಕ್ಕೆ ಎಷ್ಟೆಂದು ಅದರ ಡಬ್ಬಿಯ ಮೇಲೇ ಇರುತ್ತದೆ. ಆಂಪ್ಲಿಫೈಯರ್‌ನಲ್ಲಿ ಫೋನೋ ಎಂಬ ತೂತು ಇಲ್ಲದಿದ್ದರೆ ಮುಳ್ಳಿನ ಸಣ್ಣ ಸದ್ದನ್ನು ಹಿಗ್ಗಿಸುವ ಬೇರೆ ಫೋನೋ ಪ್ರಿಆಂಪ್ ಬೇಕು. ಇಷ್ಟಾದ ಮೇಲೆ ಯಂತ್ರದ ಮೇಲೆ ಇನ್ನೂ ದುಡ್ಡು ಸುರಿಯುವ ಆಸೆ ಬರುತ್ತದೆ. ಒಂದು ವರ್ಷ ಮುಂದೂಡಿ, ಆ ದುಡ್ಡಿಗೆ ತಟ್ಟೆ ತನ್ನಿ.

ಪ್ರತಿ ತಟ್ಟೆಗೂ ಮೂರು ಪ್ರಶ್ನೆ

ಯಾವ ಟೇಪಿನಿಂದ ಬಂತು? ಕತ್ತರಿಸಿದವರು ಯಾರು? ಒತ್ತಿದ್ದು ಎಲ್ಲಿ? ಅಂಗಡಿಯಲ್ಲಿ ನಿಂತಾಗಲಿ, ಫೋನಿನಲ್ಲಿ ಬೆಲೆ ನೋಡುವಾಗಲಿ ಈ ಮೂರಕ್ಕೆ ಉತ್ತರ ಸಿಗದಿದ್ದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ.

ಟೇಪಿನ ಮಾತು ಮೊದಲು. ಸ್ಟುಡಿಯೋದಲ್ಲಿ ಓಡಿದ ಮೂಲ ಮಾಸ್ಟರ್ ಟೇಪಿನಿಂದ ನೇರವಾಗಿ ಮಾಡಿದ ತಟ್ಟೆಯಲ್ಲಿ ಡ್ರಮ್ ಜೊತೆಯ ಕಂಚಿನ ಸಿಂಬಲ್‌ನ ಸದ್ದಿಗೆ ಒಂದು ಮೈ ಇರುತ್ತದೆ. ನಕಲು ಟೇಪು, ನಕಲಿನ ನಕಲು ಎಂದು ದೂರ ಹೋದಷ್ಟೂ ಅದು ಬರೀ 'ಚ್ಸ್' ಆಗುತ್ತದೆ. ಮೂಲ ಟೇಪು ಎಲ್ಲದಕ್ಕೂ ಉಳಿದಿಲ್ಲ ಅನ್ನುವುದೂ ಗೊತ್ತಿರಲಿ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಟೇಪುಗಳ ಉಗ್ರಾಣವೇ ಸುಟ್ಟಿತು. ನಷ್ಟದ ಆಳ ಹೊರಗಿನವರಿಗೆ ತಿಳಿದದ್ದು 2019ರಲ್ಲಿ. ಏನೇನು ಹೋಯಿತು ಎಂಬ ಬಗ್ಗೆ ಜಗ್ಗಾಟ ಇನ್ನೂ ಇದೆ.

ಎರಡನೆಯದು, ಕತ್ತರಿಸಿದವರು. ಟೇಪಿನ ಸದ್ದನ್ನು ಲ್ಯಾಕರ್, ಅಂದರೆ ಮೆತ್ತನೆಯ ಲೇಪವಿರುವ ಅಚ್ಚಿನ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯುವ ಕೆಲಸಗಾರನ ಕೈಗುಣದ ಮೇಲೆ ಎಲ್ಲವೂ ನಿಂತಿದೆ. ಬ್ಲೂ ನೋಟ್‌ನ ಹಳೆಯ ಕಾಲದಲ್ಲಿ ಆ ಕೈ ರೂಡಿ ವ್ಯಾನ್ ಗೆಲ್ಡರ್ ಅವರದು. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಉದ್ಯೋಗ; ಬಿಡುವಿನಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಜಾರದಲ್ಲೇ ಧ್ವನಿಮುದ್ರಣ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಸಿದ ಮೇಲೆ ಅದೇ ಪೂರ್ತಿ ಕಸುಬಾಯಿತು. ಇವತ್ತಿನ ಮರುಬಿಡುಗಡೆಗಳಲ್ಲಿ ನೀವು ಮತ್ತೆ ಮತ್ತೆ ಕಾಣುವ ಹೆಸರು ಕೆವಿನ್ ಗ್ರೇ. ಕ್ಯಾಲಿಫೋರ್ನಿಯಾದವರು. ವರ್ವ್ ಕಂಪನಿಯ ಸರಣಿಯಲ್ಲಾದರೆ ರಯಾನ್ ಸ್ಮಿತ್.

ಇದನ್ನೆಲ್ಲ ಕಂಡುಹಿಡಿಯುವ ಜಾಗ ತಟ್ಟೆಯ ಮೇಲೇ ಇದೆ. ಕೊನೆಯ ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಕಪ್ಪು ಪಟ್ಟಿ, ಡೆಡ್ ವ್ಯಾಕ್ಸ್. ತಟ್ಟೆಯನ್ನು ಎರಡೂ ಅಂಗೈಗಳ ನಡುವೆ ಅಂಚಿನಿಂದ ಹಿಡಿಯಿರಿ. ಕಿಟಕಿಯ ಕಡೆಗೆ ಸ್ವಲ್ಪ ಓರೆ ಮಾಡಿ, ಇಲ್ಲವೇ ಯಾರಿಗಾದರೂ ಫೋನಿನ ಟಾರ್ಚನ್ನು ಬದಿಯಿಂದ ಹಿಡಿಯಲು ಹೇಳಿ; ನೇರ ಬೆಳಕಿಗೆ ಏನೂ ಕಾಣುವುದಿಲ್ಲ. ನಿಧಾನಕ್ಕೆ ತಿರುಗಿಸುತ್ತ ಹೋದಂತೆ ಮೊದಲು ಅಂಕಿಗಳು, ಆಮೇಲೆ ಕೈಬರಹದ ಗೀಚು ಕಾಣಿಸುತ್ತವೆ. 'ಕೆಪಿಜಿ' ಎಂದಿದ್ದರೆ ಕೆವಿನ್ ಗ್ರೇ. 'ಆರ್‌ವಿಜಿ' ಎಂಬ ಗೀಚು ಅಥವಾ 'ವ್ಯಾನ್ ಗೆಲ್ಡರ್' ಎಂಬ ಮೊಹರು ಇದ್ದರೆ ರೂಡಿಯವರೇ ಕೊರೆದದ್ದು. ಅದರ ಜೊತೆಗೆ ಕಿವಿಯಂತೆ ಕಾಣುವ 'ಪಿ' ಗುರುತೂ ಇದ್ದರೆ ಅದು ಪ್ಲಾಸ್ಟಿಲೈಟ್ ಕಾರ್ಖಾನೆಯ ಹಳೆಯ ಮುದ್ರಣ. ಅಂಥದ್ದನ್ನು ಹಳೇ ಸಾಮಾನಿನ ರಾಶಿಯಲ್ಲಿ ಕಂಡರೆ ಮುಖದಲ್ಲಿ ಏನೂ ತೋರಿಸದೆ ಬೆಲೆ ಕೇಳಿ.

ಕಿಸೆ ನೋಡಿಕೊಳ್ಳುವವರಿಗೆ ಇನ್ನೊಂದು ಮಾತು. ಬ್ಲೂ ನೋಟ್ 1960ರ ದಶಕದ ನಡುವಿನಲ್ಲಿ ಲಿಬರ್ಟಿ ಕಂಪನಿಯ ಕೈಗೆ ಹೋಯಿತು, ಆಮೇಲೆ ಯುನೈಟೆಡ್ ಆರ್ಟಿಸ್ಟ್ಸ್‌ನದಾಯಿತು. ಆ ಕಾಲದ ಎಷ್ಟೋ ತಟ್ಟೆಗಳಲ್ಲಿ ಕಿವಿ ಗುರುತು ಇರುವುದಿಲ್ಲ, ಆದರೆ ವ್ಯಾನ್ ಗೆಲ್ಡರ್ ಮೊಹರು ಇರುತ್ತದೆ. ಅದೇ ಲ್ಯಾಕರ್, ಅದೇ ಕೈ, ಬೆಲೆ ಮಾತ್ರ ಮೊದಲ ಮುದ್ರಣದ ಚೂರು. ಸಂಗ್ರಾಹಕರ ಹಣಾಹಣಿ ಅಲ್ಲಿಗೆ ತಲುಪುವುದು ಕಡಿಮೆ.

ಮೂರನೆಯದು, ಒತ್ತಿದ ಜಾಗ. ಕ್ಯಾಲಿಫೋರ್ನಿಯಾದ ಕ್ಯಾಮರಿಯೊದಲ್ಲಿರುವ ಆರ್‌ಟಿಐ, ಕಾನ್ಸಾಸ್‌ನ ಸಲೈನಾದಲ್ಲಿರುವ ಕ್ಯೂಆರ್‌ಪಿ, ಜರ್ಮನಿಯ ಆಪ್ಟಿಮಲ್ ಈ ಮೂರೂ ನಂಬಿಕೆಯ ಕಾರ್ಖಾನೆಗಳು. ಹಾಗಂತ ಅಲ್ಲಿಂದ ಬಂದದ್ದೆಲ್ಲ ಚೊಕ್ಕ ಅಂತಲ್ಲ. ನಡುವಿನ ತೂತು ಓರೆಯಾದ ತಟ್ಟೆ ಎಲ್ಲಿಂದಲೂ ಬರುತ್ತದೆ.

ಯಾವ ಸರಣಿ

ಹೊಸಬರು ಬ್ಲೂ ನೋಟ್‌ನಿಂದ ಹೊರಟರೆ ದಾರಿ ಸಲೀಸು. 2019ರಲ್ಲಿ ಶುರುವಾದ ಟೋನ್ ಪೊಯೆಟ್ ಸರಣಿಯ ಉಸ್ತುವಾರಿ ಜೋ ಹಾರ್ಲಿ, ಕತ್ತರಿಸುವುದು ಕೆವಿನ್ ಗ್ರೇ, ಒತ್ತುವುದು ಆರ್‌ಟಿಐ. ದಪ್ಪ ರಟ್ಟಿನ ಮಡಚುವ ಕವರ್. ಬಿಚ್ಚಿದರೆ ಒಳಗೆ ಬ್ಲೂ ನೋಟ್ ನಡೆಸುತ್ತಿದ್ದವರಲ್ಲಿ ಒಬ್ಬರಾದ ಫ್ರಾನ್ಸಿಸ್ ವುಲ್ಫ್ ಸ್ಟುಡಿಯೋದಲ್ಲಿ ತೆಗೆದ ಕಪ್ಪು ಬಿಳುಪು ಫೋಟೊಗಳು. ಬೆಲೆಯೂ ಹಾಗೇ ಇದೆ. ಅದಕ್ಕಿಂತ ಅಗ್ಗ ಬೇಕೆಂದರೆ ಅದೇ ಕಂಪನಿಯ ಕ್ಲಾಸಿಕ್ ವಿನೈಲ್ ಸರಣಿ: ಕತ್ತರಿಸುವ ಕೈ ಅದೇ, ಕವರ್ ಸಾದಾ, ಒತ್ತುವುದು ಆಪ್ಟಿಮಲ್. ನನ್ನನ್ನು ಕೇಳಿದರೆ ಒಂದು ಟೋನ್ ಪೊಯೆಟ್ ಬದಲು ಕೈಲಾದಷ್ಟು ಕ್ಲಾಸಿಕ್ ಕೊಳ್ಳಿ. ರಟ್ಟು ಹಾಡುವುದಿಲ್ಲ.

ಪ್ರೆಸ್ಟೀಜ್, ರಿವರ್‌ಸೈಡ್, ಕಂಟೆಂಪರರಿ ಕಂಪನಿಗಳ ಸಂಗೀತಕ್ಕೆ ಒರಿಜಿನಲ್ ಜಾಝ್ ಕ್ಲಾಸಿಕ್ಸ್, ಅಂದರೆ ಓಜೆಸಿ. ಫ್ಯಾಂಟಸಿ ಕಂಪನಿ 1982ರಲ್ಲಿ ಶುರು ಮಾಡಿದಾಗ ಅದು ವಿದ್ಯಾರ್ಥಿಗಳ ಕೈಗೂ ಎಟುಕುವ ಅಗ್ಗದ ಸರಣಿ. 2023ರಲ್ಲಿ ಕ್ರಾಫ್ಟ್ ರೆಕಾರ್ಡಿಂಗ್ಸ್ ಅದನ್ನು ದುಬಾರಿ ವೇಷದಲ್ಲಿ ಮತ್ತೆ ತಂದಿತು. ಎಂಬತ್ತರ ದಶಕದ ಹಳೆಯ ಓಜೆಸಿ ಪ್ರತಿಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ. ವರ್ವ್ ಮತ್ತು ಇಂಪಲ್ಸ್ ಕಂಪನಿಗಳದ್ದಕ್ಕೆ 2020ರಿಂದ ಬರುತ್ತಿರುವ ಅಕೌಸ್ಟಿಕ್ ಸೌಂಡ್ಸ್ ಸರಣಿ. ಮ್ಯೂನಿಕ್‌ನ ಇಸಿಎಂ ಕಂಪನಿ ಕೂಡ 2023ರಿಂದ ಲ್ಯೂಮಿನೆಸೆನ್ಸ್ ಎಂಬ ಹೆಸರಲ್ಲಿ ತನ್ನ ಹಳೆಯದನ್ನು ತರುತ್ತಿದೆ.

ಇಸಿಎಂ ಅಂದಾಗ ಕನ್ನಡಿಗರು ಹುಡುಕಬೇಕಾದ ಒಂದು ತಟ್ಟೆಯಿದೆ. 1983ರ 'ಜ್ಯೋತಿ'. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ, ಅದರ ಜೊತೆ ಬಾಸ್ಟನ್‌ನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. ಇದೇ ಮರಿಯಾನೊ ಇಪ್ಪತ್ತು ವರ್ಷ ಮೊದಲು, 1963ರಲ್ಲಿ, ಚಾರ್ಲ್ಸ್ ಮಿಂಗಸ್‌ನ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'ಯಲ್ಲಿ ಆಲ್ಟೊ ಸ್ಯಾಕ್ಸೊಫೋನನ್ನು ಅಳುವಂತೆ ಮಾಡಿದವನು. ನಾಗಸ್ವರವನ್ನೂ ಕಲಿತವನು. ಎರಡೂ ತಟ್ಟೆಗಳನ್ನು ಒಂದೇ ಸಂಜೆ ಹಾಕಿ ನೋಡಿ.

ಎಡವುವ ಜಾಗಗಳು

ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ 50 ವರ್ಷ ಇತ್ತು. 2013ರಲ್ಲಿ 70ಕ್ಕೆ ಏರಿದರೂ, ಅಷ್ಟರಲ್ಲಿ ಅವಧಿ ಮುಗಿದಿದ್ದವಕ್ಕೆ ಅದು ಅನ್ವಯಿಸಲಿಲ್ಲ. ಹಾಗಾಗಿ 1962ರವರೆಗೆ ಹೊರಬಂದ ಜಾಝ್ ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದಾದ ಸೊತ್ತು. (ಭಾರತದಲ್ಲಿ ಈ ಅವಧಿ 60 ವರ್ಷ.) ಪರಿಣಾಮವಾಗಿ ಬಣ್ಣಬಣ್ಣದ ವಿನೈಲ್, ಎರಡು ಹೆಚ್ಚುವರಿ ಹಾಡು, ಅಗ್ಗದ ಬೆಲೆ ಎಂದು ಅಂಗಡಿ ತುಂಬ ತಟ್ಟೆಗಳು. ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಇವರ ಬಳಿ ಮಾಸ್ಟರ್ ಟೇಪು ಇರುವುದಿಲ್ಲ, ಹೆಚ್ಚಿನವು ಯಾವುದೋ ಸಿಡಿಯಿಂದ ಎತ್ತಿದ್ದು. ಕವರಿನ ಹಿಂದೆ ಟೇಪಿನ ವಿಷಯವೂ ಇಲ್ಲ, ಮಾಸ್ಟರಿಂಗ್ (ಟೇಪಿನ ಸದ್ದನ್ನು ತಟ್ಟೆಗೆ ಹೊಂದಿಸುವ ಕೆಲಸ) ಮಾಡಿದವರ ಹೆಸರೂ ಇಲ್ಲವೆಂದರೆ ಅದೇ ಉತ್ತರ. ಅದೇ ಸಿಡಿಯನ್ನು ಅರ್ಧ ಬೆಲೆಗೆ ಕೊಂಡು ಕೇಳಬಹುದು.

'180 ಗ್ರಾಂ' ಎಂಬ ಚೀಟಿಗೆ ಮರುಳಾಗಬೇಡಿ. ದಪ್ಪ ತಟ್ಟೆ ಕೈಗೆ ಭಾರ, ಅಷ್ಟೇ. 'ಪೂರ್ತಿ ಅನಲಾಗ್' (ಟೇಪಿನಿಂದ ತಟ್ಟೆಯವರೆಗೆ ಎಲ್ಲೂ ಡಿಜಿಟಲ್ ಇಲ್ಲ) ಅನ್ನುವ ಮಾತನ್ನೂ ಪ್ರಶ್ನೆ ಕೇಳದೆ ನುಂಗಬೇಡಿ. 2022ರ ಜುಲೈನಲ್ಲಿ ಮೊಬೈಲ್ ಫಿಡೆಲಿಟಿ ಕಂಪನಿ ತನ್ನ ಎಷ್ಟೋ ತಟ್ಟೆಗಳ ತಯಾರಿಯಲ್ಲಿ ಡಿಜಿಟಲ್ ಹಂತವೊಂದನ್ನು ಬಳಸುತ್ತಿದ್ದುದು ಬೆಳಕಿಗೆ ಬಂದು ಕೋರ್ಟಿನವರೆಗೆ ಹೋಯಿತು. ತಮಾಷೆಯೆಂದರೆ, ಕಿವಿಯಲ್ಲೇ ಡಿಜಿಟಲ್ ಪತ್ತೆ ಹಚ್ಚುತ್ತೇವೆ ಎಂದು ಬೀಗುತ್ತಿದ್ದ ಘಟಾನುಘಟಿಗಳೂ ಅಲ್ಲಿಯವರೆಗೆ ಅದೇ ತಟ್ಟೆಗಳನ್ನು ಹಾಡಿ ಹೊಗಳಿದ್ದರು.

ಇನ್ನು 'ಕೈಂಡ್ ಆಫ್ ಬ್ಲೂ'. ಮೈಲ್ಸ್ ಡೇವಿಸ್‌ನ ಈ ಆಲ್ಬಮ್ ಎಲ್ಲರ ಮನೆಯಲ್ಲೂ ಇರುತ್ತದೆ, ಒಂದಕ್ಕಿಂತ ಹೆಚ್ಚೂ ಇರುತ್ತದೆ. 1959ರ ಮಾರ್ಚ್ 2ರ ಮೊದಲ ಸೆಷನ್ನಿನಲ್ಲಿ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹಾಗಾಗಿ ಮೊದಲ ಬದಿಯ ಮೂರೂ ಹಾಡುಗಳು ದಶಕಗಟ್ಟಲೆ ಶ್ರುತಿ ಚೂರು ಏರಿದಂತೆಯೇ ಕೇಳಿಸುತ್ತಿದ್ದವು. ಸರಿಯಾಗಿ ಓಡಿದ್ದ ಇನ್ನೊಂದು ಟೇಪಿನಿಂದ ತಿದ್ದಿದ್ದು 1992ರಲ್ಲಿ. ತಟ್ಟೆಯ ಜೊತೆಗೆ ಪಿಯಾನೊ ನುಡಿಸಲು ಕಲಿಯುವವರು ತಿದ್ದಿದ ಪ್ರತಿಯನ್ನೇ ಕೊಳ್ಳಬೇಕು. ಉಳಿದವರಿಗೆ ಅಭ್ಯಾಸವಾದ ಕಿವಿಯೇ ದೇವರು.

ಮೋನೋ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು) ಬೇಕೋ ಸ್ಟೀರಿಯೊ (ಎಡಕ್ಕೊಂದು, ಬಲಕ್ಕೊಂದು) ಬೇಕೋ ಎಂಬ ಜಗಳ ರಾತ್ರಿಯಿಡೀ ನಡೆಯಬಲ್ಲದು. ಚಿಕ್ಕದಾಗಿ ಹೇಳುವುದಾದರೆ, 1957ಕ್ಕೆ ಮುಂಚಿನ ಬ್ಲೂ ನೋಟ್ ಆದರೆ ಮೋನೋವೇ ಸರಿ. ಐವತ್ತರ ದಶಕದ ಕೊನೆಗೆ ವ್ಯಾನ್ ಗೆಲ್ಡರ್ ಎರಡು ಟ್ರ್ಯಾಕಿನಲ್ಲೇ ಮುದ್ರಿಸಿ ಅದನ್ನೇ ಕೂಡಿಸಿ ಮೋನೋ ಮಾಡುತ್ತಿದ್ದರು. ಅಲ್ಲಿಂದಾಚೆಗೆ ನಿಮ್ಮ ಇಷ್ಟ.

ಸಿಡಿಯನ್ನು ಕೀಳಾಗಿ ನೋಡಬೇಡಿ

1990ರ ದಶಕದ ಕೊನೆಯಿಂದ ರೂಡಿ ವ್ಯಾನ್ ಗೆಲ್ಡರ್ ತಮ್ಮದೇ ಹಳೆಯ ಟೇಪುಗಳನ್ನು ತಾವೇ ರೀಮಾಸ್ಟರ್ ಮಾಡಿದ ಆರ್‌ವಿಜಿ ಎಡಿಷನ್ ಸಿಡಿಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗ. ಸದ್ದು ಕೊಂಚ ಜೋರು ಎಂದು ಗೊಣಗುವವರಿದ್ದಾರೆ. ಮೊಸಾಯಿಕ್ ರೆಕಾರ್ಡ್ಸ್‌ನ ಪೆಟ್ಟಿಗೆಗಳು ಇನ್ನೊಂದು ಲೋಕ. ಕಸ್ಕೂನಾ ಮತ್ತು ಚಾರ್ಲಿ ಲೂರಿ ಕಟ್ಟಿದ ಈ ಕಂಪನಿ ಕಲಾವಿದನೊಬ್ಬನ ಒಂದು ಕಾಲಘಟ್ಟವನ್ನು ದಿನಾಂಕದ ಸಮೇತ ಪೂರ್ತಿ ಕೊಡುತ್ತದೆ; ಲೆಕ್ಕದಷ್ಟೇ ಪ್ರತಿ ಹಾಕಿ, ಅಂಚೆಯಲ್ಲಿ ಮಾರುತ್ತದೆ. ಮುಗಿದ ಮೇಲೆ ಬೆಲೆ ಏರುತ್ತದೆ.

ನಮ್ಮ ಊರಿಗೆ ತರಿಸುವುದು

ಹೊರದೇಶದಿಂದ ತರಿಸಿದರೆ ತಟ್ಟೆಯ ಬೆಲೆಗೆ ಅಂಚೆ, ಕಸ್ಟಮ್ಸ್, ಕೊರಿಯರ್‌ನವರ ಸೇವಾ ಶುಲ್ಕ ಎಲ್ಲ ಸೇರುತ್ತದೆ. ಒಂದೊಂದೇ ತರಿಸುವುದು ದಂಡ. ಮೂರು ನಾಲ್ಕು ಜನ ಸೇರಿ ಒಂದೇ ಪಾರ್ಸೆಲ್ ಮಾಡಿಸಿ. ಬೇಸಿಗೆಯಲ್ಲಿ ಬೇಡ. ಏಪ್ರಿಲ್ ಬಿಸಿಲಿಗೆ ವ್ಯಾನಿನೊಳಗೆ ಅರ್ಧ ದಿನ ಕೂತ ತಟ್ಟೆ ಹಪ್ಪಳವಾಗಿ ಕೈಗೆ ಬರುತ್ತದೆ. ಅಮೆರಿಕದಲ್ಲಿರುವ ತಮ್ಮನೋ ಅಕ್ಕನ ಮಗಳೋ ಊರಿಗೆ ಬರುವಾಗ ತರಿಸುವ ರೂಢಿ ನಮ್ಮಲ್ಲಿದೆ. ಹತ್ತು ತಟ್ಟೆ ಅಂದರೆ ಮೂರೂವರೆಯಿಂದ ನಾಲ್ಕು ಕಿಲೋ. ಅವರ ಚಾಕೊಲೇಟು, ವಿಟಮಿನ್ ಡಬ್ಬಿಗಳ ಪಾಲಿನ ಜಾಗ. ಒಂದು ಸಲಕ್ಕೆ ಮೂರು ಕೇಳಿ, ಕೈಚೀಲದಲ್ಲೇ ತರಲು ಹೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ದರ್ಜೆ ನೋಡಿ. 'ನಿಯರ್ ಮಿಂಟ್' ಅಥವಾ 'ವೆರಿ ಗುಡ್ ಪ್ಲಸ್' ಇದ್ದರೆ ಸರಿ. ಪ್ಲಸ್ ಇಲ್ಲದ 'ವೆರಿ ಗುಡ್'ನಲ್ಲಿ ಬ್ಯಾಲಡ್, ಅಂದರೆ ನಿಧಾನಗತಿಯ, ಹಾಡುಗಳು ಕರಕರ ಅನ್ನುತ್ತವೆ. ಬರೀ 'ಗುಡ್' ಅಂದರೆ ಗೋಡೆಗೆ ನೇತು ಹಾಕಲು. ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ಮಾರುವವರಿಗೆ ಡೆಡ್ ವ್ಯಾಕ್ಸ್‌ನ ಫೋಟೊ ಕಳಿಸಲು ಹೇಳಿ. ಕಳಿಸಲು ತಕರಾರು ಮಾಡುವವರ ಹತ್ತಿರ ವ್ಯಾಪಾರ ಬೇಡ.

ಪಾರ್ಸೆಲ್ ಬಂದ ದಿನವೇ ಬಿಚ್ಚಿ, ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ, ಎರಡೂ ಬದಿ ಪೂರ್ತಿ ಕೇಳಿ. ತಟ್ಟೆ ತಿರುಗುವಾಗ ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು ಏರಿಳಿತ ನೋಡಿ. ತೋಳು ಎಡಕ್ಕೂ ಬಲಕ್ಕೂ ತೂಗಾಡಿದರೆ ತೂತು ಓರೆ ಎಂದರ್ಥ; ಪಿಯಾನೊದ ಉದ್ದನೆಯ ಸ್ವರಗಳು ಅಲುಗುತ್ತವೆ. ಅದನ್ನು ವಾಪಸು ಮಾಡಲೇಬೇಕು.

ಕಾಪಾಡಿಕೊಳ್ಳುವ ವಿಷಯದಲ್ಲಿ ನಮ್ಮ ಶತ್ರು ಮಳೆಗಾಲ. ಮಲೆನಾಡು, ಕರಾವಳಿಯಲ್ಲಿ ಜೂನ್ ಕಳೆಯುವುದರೊಳಗೆ ಕವರಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸದೆ, ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಬೇಡಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ, ತಿಂಗಳಿಗೊಮ್ಮೆ ಬದಲಿಸಿ. ಕಾಗದದ ಒಳಚೀಲ ತೆಗೆದು ಪಾಲಿಥೀನ್ ಒಳಪದರದ್ದು ಹಾಕಿ. ಅಜ್ಜನ ಕಾಲದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ಅರಗಿನ ತಟ್ಟೆಗಳಿದ್ದರೆ ಅವಕ್ಕೆ ಆಲ್ಕೊಹಾಲ್ ಬೆರೆತ ಯಾವ ದ್ರವವನ್ನೂ ಮುಟ್ಟಿಸಬೇಡಿ, ಕರಗಿಹೋಗುತ್ತವೆ.

ಜೊತೆಗೆ ಕೇಳುವವರನ್ನು ಹುಡುಕಿ

ಇದನ್ನು ಕೊನೆಗೆ ಬರೆದೆನಾದರೂ ಎರಡನೇ ತಟ್ಟೆ ಕೊಳ್ಳುವ ಮುಂಚೆಯೇ ಮಾಡಬೇಕಾದ ಕೆಲಸ. ಹೊಸ ಪ್ರತಿ ಹಳೆಯದಕ್ಕಿಂತ ಒಳ್ಳೆಯದೋ ಅಲ್ಲವೋ ಎಂದು ಒಂದೇ ಮನೆಯಲ್ಲಿ, ಒಂದೇ ಮುಳ್ಳಿನಲ್ಲಿ, ಎರಡನ್ನೂ ಹಾಕಿ ಕೇಳಿದರೆ ಮಾತ್ರ ತಿಳಿಯುತ್ತದೆ. ಎರಡೂ ಒಬ್ಬರ ಹತ್ತಿರವೇ ಇರುವುದು ಕಡಿಮೆ. ನಾಲ್ಕೈದು ಜನ ಸಾಕು. ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲಿನ ಹೊತ್ತು ಒಳ್ಳೆಯದು. ಸಂಜೆ ಇಟ್ಟರೆ ಮದುವೆ ರಿಸೆಪ್ಷನ್ ಅಡ್ಡ ಬರುತ್ತದೆ.

ನಮ್ಮಲ್ಲಿ ನಡೆಯುವುದು ಹೀಗೆ. ಸಾಫ್ಟ್‌ವೇರ್ ಹುಡುಗ ಚೀಲದಿಂದ ಎರಡು ತಟ್ಟೆಗಳ 45 ಆರ್‌ಪಿಎಂ ಪ್ರತಿ ತೆಗೆಯುತ್ತಾನೆ. ಮನೆಯ ಯಜಮಾನರು ನಿವೃತ್ತ ಬ್ಯಾಂಕ್ ಮ್ಯಾನೇಜರ್.

"ಮಂಡಿ ಹೇಗಿದೆ ಸಾರ್ ಈಗ?"

"ಪರವಾಗಿಲ್ಲಪ್ಪ. ಮೆಟ್ಟಿಲು ಇಳಿಯೋದೇ ಕಷ್ಟ. ಏನದು, ನಲವತ್ತೈದು ತಂದಿದ್ದೀಯಾ? ನಾಲ್ಕು ಸಲ ಏಳಿಸ್ತೀಯಲ್ಲೋ ನನ್ನ!"

"ಡಾಕ್ಟ್ರು ನಡೀಬೇಕು ಅಂದಿದ್ದಾರಂತೆ, ಆಂಟಿ ಹೇಳಿದ್ರು."

"ಅವಳು ಹೇಳ್ತಾಳೆ. ನಿಮ್ಮ ಏರಿಯಾಕ್ಕೆ ಕಾವೇರಿ ಬಂತಾ, ಇನ್ನೂ ಟ್ಯಾಂಕರ್ರೇ?"

"ಟ್ಯಾಂಕರ್ರೇ ಸಾರ್."

45ರ ವೇಗದಲ್ಲಿ ಗೆರೆ ಮುಳ್ಳಿನಡಿ ಬೇಗ ಸರಿಯುವುದರಿಂದ ತುತ್ತೂರಿಯ ಚೂಪು ಚೆನ್ನಾಗಿ ಉಳಿಯುತ್ತದೆ. ಬದಲಿಗೆ ಒಂದು ಬದಿಗೆ ಹಿಡಿಸುವುದು ಒಂದೋ ಎರಡೋ ಹಾಡು. ಈ ಪಾಠ ನಮ್ಮಲ್ಲಿ ಎಲ್ಲರಿಗೂ ಮನದಟ್ಟಾದದ್ದು ಮ್ಯಾನೇಜರ್ ಸಾಹೇಬರ ಮಂಡಿಯಿಂದ. ಮಾತು ಟೇಪಿನಿಂದ ಮಗಳ ಕಾಲೇಜ್ ಸೀಟಿಗೆ, ಅಲ್ಲಿಂದ ಹೊಸ ಮೆಟ್ರೊ ಸ್ಟೇಷನ್ನಿಗೆ ಹಾರಿದರೆ ತಡೆಯಬೇಡಿ. ಬರೀ ತಟ್ಟೆಯಲ್ಲಿ ಕೊರೆದ ಮ್ಯಾಟ್ರಿಕ್ಸ್ ನಂಬರ್ ಮಾತಾಡುವ ಕೂಟಗಳು ಬೇಗ ಚದುರುತ್ತವೆ.

ಸಂಗೀತದ ನಡುವೆ ಮಾತಾಡಬಹುದೇ ಎಂದು ಹೊಸಬರು ಕೇಳುತ್ತಾರೆ. ಪಿಯಾನೊ ವಾದಕ ಬಿಲ್ ಎವನ್ಸ್‌ನ ಮೂವರ ತಂಡ 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ಜಾಝ್ ಕ್ಲಬ್ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದನ್ನು ರಿವರ್‌ಸೈಡ್ ಕಂಪನಿ ಮುದ್ರಿಸಿಕೊಂಡಿತು. ಕೇಳಿ ನೋಡಿ: ಗ್ಲಾಸು ಟಣ್ ಎನ್ನುತ್ತದೆ, ಯಾರೋ ನಗುತ್ತಾರೆ, ಸ್ಕಾಟ್ ಲಫಾರೊ ಬೇಸ್ ನುಡಿಸುತ್ತಿರುವಾಗಲೇ ಮೇಜಿನಲ್ಲಿ ಹರಟೆ ಸಾಗಿದೆ. ಹನ್ನೊಂದು ದಿನಕ್ಕೆ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ಆ ಮೇಜಿನವರಿಗೆ ಅದು ಗೊತ್ತಿರಲು ಹೇಗೆ ಸಾಧ್ಯ. ಪ್ರತಿಗಳನ್ನು ಹೋಲಿಸಲು ನಾನು ಬಳಸುವುದೂ ಇದನ್ನೇ. ಒಳ್ಳೆಯ ಮರುಬಿಡುಗಡೆಯಲ್ಲಿ ಆ ಗ್ಲಾಸುಗಳು ಪಿಯಾನೊದಿಂದ ಎಷ್ಟು ದೂರದಲ್ಲಿವೆ ಎಂದು ಬೆರಳು ಮಾಡಿ ತೋರಿಸಬಹುದು. ಕಳಪೆಯದರಲ್ಲಿ ಅವೂ ಪಿಯಾನೊದ ಮೇಲೇ ಕೂತಿರುತ್ತವೆ. ಹಾಗಾಗಿ ನಮ್ಮ ಕೂಟದ ಕಟ್ಟಳೆ ಇಷ್ಟೇ: ಒಂದು ಬದಿಯನ್ನು ಮೊದಲ ಸಲ ಹಾಕಿದಾಗ ಬಾಯಿ ಮುಚ್ಚಿರಬೇಕು, ಎರಡನೇ ಸಲಕ್ಕೆ ಕಾಫಿಯೂ ಹರಟೆಯೂ ಬರಲಿ.

ತಟ್ಟೆ ಕೊಡುವುದು, ತರುವುದು ಶುರುವಾಗುತ್ತಿದ್ದಂತೆ ಒಂದು ನೋಟ್‌ಪುಸ್ತಕ ಇಡಿ. ಯಾವ ಪ್ರತಿ, ಡೆಡ್ ವ್ಯಾಕ್ಸ್‌ನಲ್ಲಿ ಏನಿದೆ, ಎಷ್ಟಕ್ಕೆ ಕೊಂಡದ್ದು, ಯಾರು ಯಾವತ್ತು ಒಯ್ದರು, ಎಲ್ಲ ಅದರಲ್ಲಿರಲಿ. ಅಂಗಡಿಯಲ್ಲಿ ನಿಂತು ಇದೇ ಆಲ್ಬಮ್ ಮನೆಯಲ್ಲಿದೆಯೋ ಇಲ್ಲವೋ ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಎರಡಾಗಿದ್ದನ್ನು ಕೂಟದಲ್ಲಿ ಅದಲುಬದಲಿಗೆ ಇಡಿ. ಟೋನ್ ಪೊಯೆಟ್ ಪ್ರತಿಯನ್ನು ಯಾರಿಗಾದರೂ ಕೊಡುವಾಗ ಹೊರಗಿನ ಕವರ್ ನಿಮ್ಮಲ್ಲೇ ಉಳಿಸಿಕೊಂಡು, ತಟ್ಟೆಯನ್ನು ಮಾತ್ರ ಬಿಳಿ ರಟ್ಟಿನ ಚೀಲದಲ್ಲಿ ಹಾಕಿ ಕೊಡಿ. ಖಾಲಿ ಕವರ್ ಕಂಡಾಗಲೆಲ್ಲ ಫೋನ್ ಮಾಡಲು ನೆನಪಾಗುತ್ತದೆ.